ದಿನ ತುಂಬಿತ್ತೇ?

ಸೋಸಲೆಯಲ್ಲೋ ಸಮೀಪದ ತಿರುಮಕೂಡಲಿನಲ್ಲೋ ಹಿರಿಯ ತಾಯಂದಿರನ್ನು ಮಕ್ಕಳು ಹುಟ್ಟಿದ ದಿನ ಯಾವುದೆಂದು ಕೇಳಿ ನೋಡಿ. ತಾರೀಖಿಗಿಂತ ಮೊದಲು ‘ಮುಡುಕುತೊರೆ ಜಾತ್ರೆ ಕಳೆದ ಎಂಟು ದಿನಕ್ಕೆ’, ‘ಹೊಳೆ ಉಕ್ಕಿದ ವರ್ಷ’ ಎಂಬ ಲೆಕ್ಕ ಬರುತ್ತದೆ. ಹುಟ್ಟಿದ ದಿನಕ್ಕೆ ಅದು ಸಾಕು. ಆದರೆ ಮುಟ್ಟು ನಿಂತ ದಿನಕ್ಕೆ? 37 ವಾರ ತುಂಬುವ ಮೊದಲೇ ಹುಟ್ಟಿದ್ದು ಅವಧಿಪೂರ್ವ ಶಿಶು. ವಾರದ ಎಣಿಕೆಯೇ ಇಲ್ಲದಿದ್ದರೆ ಅದನ್ನು ಹೇಳುವವರು ಯಾರು?

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ನಮ್ಮ ಮಿಷನ್ ಆಸ್ಪತ್ರೆ, 1934ರಿಂದಲೇ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತು. 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಪರೀಕ್ಷಿಸಿದ ವರದಿ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು, ಹಗುರಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಆ ದಪ್ಪ ರಿಜಿಸ್ಟರುಗಳಿಗೆ ನಾವು ಋಣಿಗಳು. ಆದರೂ ಮಗು ಬೇಗ ಬಂತೋ, ಹೊಟ್ಟೆಯಲ್ಲೇ ಸೊರಗಿತೋ ಎಂಬುದನ್ನು ತಕ್ಕಡಿಯೊಂದೇ ಹೇಳಲಾರದು.

ಈ ಗೊಂದಲದ ಬೆಲೆ ಏನೆಂದು ತಿಳಿದದ್ದು ಬೆಳಗಾವಿಯೂ ಸೇರಿದ್ದ ಒಂದು ಪ್ರಯೋಗದಲ್ಲಿ. ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಅವಧಿಪೂರ್ವ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದ್ದರು. ಅಗ್ಗದ ಮದ್ದು, ಹಳ್ಳಿಗೂ ಒಯ್ಯೋಣವೆಂದು ಆರು ದೇಶಗಳಲ್ಲಿ ಹೊರಟರು. ದಿನ ಗೊತ್ತಿಲ್ಲದ ಗರ್ಭಿಣಿಯರ ಹೊಟ್ಟೆಯನ್ನು ಬಣ್ಣದ ಟೇಪಿನಿಂದ ಅಳೆದು ವಾರ ಅಂದಾಜಿಸಿದರು. ಮದ್ದು ಪಡೆದವರಲ್ಲಿ ಬಹುಪಾಲು ತಾಯಂದಿರು ಹೆತ್ತದ್ದು ತೀರಾ ಸಣ್ಣ ಕೂಸುಗಳನ್ನಲ್ಲ! ಪ್ರಯೋಗ ನಡೆದ ಕಡೆ ಸಾವಿರಕ್ಕೆ 27.4 ನವಜಾತ ಶಿಶುಗಳು ಸತ್ತವು; ಎಂದಿನ ಆರೈಕೆಯಿದ್ದ ಕಡೆ 23.9. ಟೇಪೊಂದನ್ನೇ ದೂರುವಂತಿಲ್ಲ, ಆದರೆ ವರದಿ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. 2020ರ ಮತ್ತೊಂದು ಪರೀಕ್ಷೆಯಲ್ಲಿ ಆಸ್ಪತ್ರೆಯೊಳಗೆ, ಸ್ಕ್ಯಾನಿನಿಂದ ವಾರ ಖಚಿತಪಡಿಸಿಕೊಂಡು ಅದೇ ಬಗೆಯ ಮದ್ದು ಕೊಟ್ಟಾಗ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು.

ಸ್ಕ್ಯಾನೂ ಸೂತ್ರ ನಂಬಿಯೇ ನಡೆಯುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಹ್ಯಾಡ್‌ಲಾಕ್ ಸೂತ್ರ 1980ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಬಿಳಿಯ ಮಧ್ಯಮವರ್ಗದ ಗರ್ಭಿಣಿಯರನ್ನು ಅಳೆದು ಕಟ್ಟಿದ್ದು. ನಮ್ಮ ತಾಯಂದಿರ ಮಟ್ಟಿಗೆ ಅದರಲ್ಲಿ ಏಳು ದಿನದವರೆಗೂ ತಪ್ಪಬಹುದಂತೆ. ಮದರಾಸಿನ ಐಐಟಿ ಮತ್ತು ಫರೀದಾಬಾದಿನ ಸಂಶೋಧನಾ ಸಂಸ್ಥೆ ಸೇರಿ, ಗುರುಗ್ರಾಮದ ಸಿವಿಲ್ ಆಸ್ಪತ್ರೆಯ ಗರ್ಭಿಣಿಯರ ಮಾಹಿತಿಯಿಂದ ಗಣಕಯಂತ್ರಕ್ಕೆ ಕಲಿಸಿದ ‘ಗರ್ಭಿಣಿ–ಜಿಎ2’ ಮಾದರಿಯನ್ನು 2024ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಅದರ ತಪ್ಪು ಸುಮಾರು ಅರ್ಧ ದಿನ ಎಂದು ಅವರ ಹೇಳಿಕೆ. ಕೃತಕ ಬುದ್ಧಿಮತ್ತೆ ಇಲ್ಲಿ ಭವಿಷ್ಯ ನುಡಿಯುತ್ತಿಲ್ಲ, ಗರ್ಭದ ವಯಸ್ಸು ಎಣಿಸುತ್ತಿದೆ ಅಷ್ಟೆ. ಅವಧಿಪೂರ್ವ ಹೆರಿಗೆಯನ್ನು ಮುಂಗಾಣಬೇಕಾದರೂ ಈ ಎಣಿಕೆಯೇ ಮೊದಲ ಮೆಟ್ಟಿಲು. ಇನ್ನು, ಯಂತ್ರ ಕಲಿತದ್ದು ಗುರುಗ್ರಾಮದ ತಾಯಂದಿರಿಂದ. ನಮ್ಮ ಹೊಳೆದಂಡೆಯ ಊರುಗಳಿಗೆ ತರುವ ಮುನ್ನ ಇಲ್ಲಿನ ಬಸುರಿಯರ ಅಳತೆಯೊಂದಿಗೂ ಅದನ್ನು ತಾಳೆ ನೋಡಬೇಕು.