ಗುಹೆಗೆ ಮೂಳೆ ತಂದವರು ಯಾರು?



ಆದಿಮಾನವನ ಚಿತ್ರ ಬರೆಯಿರಿ ಎಂದರೆ ನೀವು ಏನು ಬರೆಯುತ್ತೀರಿ? ಕೆದರಿದ ಕೂದಲು, ಸೊಂಟಕ್ಕೆ ತೊಗಲು, ಕೈಯಲ್ಲಿ ದೊಣ್ಣೆ ಅಥವಾ ದಪ್ಪ ಮೂಳೆ, ಕಾಲ ಬಳಿ ಸತ್ತು ಬಿದ್ದ ಪ್ರಾಣಿ. ದೂರದರ್ಶನಕ್ಕೆ ಕಾರ್ಯಕ್ರಮ ತಯಾರಿಸುವ ನಾವೂ ಕಲಾವಿದರಿಗೆ ಹೇಳಿ ಬರೆಸುವುದು ಹೆಚ್ಚುಕಡಿಮೆ ಇದೇ ಚಿತ್ರವನ್ನು. ಈ ಚಿತ್ರಕ್ಕೆ ಆಧಾರವೇನು? ಶಾಸನವಿಲ್ಲದ, ನಾಣ್ಯವಿಲ್ಲದ, ಒಂದು ಅಕ್ಷರವೂ ಇಲ್ಲದ ಲಕ್ಷಾಂತರ ವರ್ಷಗಳ ಹಿಂದಿನ ಬದುಕನ್ನು ತಿಳಿಯುವುದು ಹೇಗೆ? ಆಗ ಮಳೆ ಎಷ್ಟು ಬೀಳುತ್ತಿತ್ತು, ಕಾಡು ಎಲ್ಲಿತ್ತು, ಯಾರು ಯಾರನ್ನು ತಿನ್ನುತ್ತಿದ್ದರು ಎಂದು ಹೇಳುವವರು ಯಾರು? ಇದಕ್ಕೆ ಉತ್ತರ ಹುಡುಕಲು ದಕ್ಷಿಣ ಆಫ್ರಿಕದ ಗುಹೆಗಳಿಗೆ ಹೋಗೋಣ.

ಡಾರ್ಟ್ ಕಂಡ ಕೊಲೆಗಾರ

1924ರಲ್ಲಿ ಟಾಂಗ್ ಎಂಬಲ್ಲಿಯ ಸುಣ್ಣಕಲ್ಲಿನ ಗಣಿಯಿಂದ ಒಂದು ಪುಟ್ಟ ತಲೆಬುರುಡೆ ಜೋಹಾನ್ಸ್‌ಬರ್ಗ್‌ನ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ರೇಮಂಡ್ ಡಾರ್ಟ್ ಅವರ ಕೈ ಸೇರಿತು. ಅದು ಒಂದು ಮಗುವಿನದು. ಮೆದುಳು ವಾನರನಷ್ಟೇ ಚಿಕ್ಕದು. ಆದರೆ ಹಲ್ಲುಗಳು ಮನುಷ್ಯನ ಹಲ್ಲುಗಳನ್ನು ಹೋಲುತ್ತಿದ್ದವು. ಬೆನ್ನುಹುರಿ ಹಾಯುವ ರಂಧ್ರ ಬುರುಡೆಯ ಕೆಳಭಾಗದಲ್ಲಿತ್ತು. ಅಂದರೆ ಈ ಜೀವಿ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿತ್ತು. 1925ರಲ್ಲಿ ಡಾರ್ಟ್ ಅದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಎಂದು ಹೆಸರಿಟ್ಟರು. ಯುರೋಪಿನ ಪಂಡಿತರು ಬಹುಕಾಲ ಇದನ್ನು ಒಪ್ಪಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ನಂತರ ಡಾರ್ಟ್ ಹೇಳಿದ್ದೇ ಸರಿ ಎಂದು ಸ್ಥಿರವಾಯಿತು.

ಆಮೇಲೆ ಡಾರ್ಟ್ ಅವರ ಗಮನ ಮಕಪಾನ್ಸ್‌ಗಾಟ್ ಎಂಬ ಇನ್ನೊಂದು ಗುಹೆಯತ್ತ ಹೋಯಿತು. ಅಲ್ಲಿ ಸಿಕ್ಕ ಏಳು ಸಾವಿರಕ್ಕೂ ಹೆಚ್ಚು ಮೂಳೆ ಚೂರುಗಳನ್ನು ಅವರು ಒಂದೊಂದಾಗಿ ಎಣಿಸಿ ವಿಂಗಡಿಸಿದರು. ಬಹುಪಾಲು ಹುಲ್ಲೆಗಳವು. ಆದರೆ ಲೆಕ್ಕ ವಿಚಿತ್ರವಾಗಿತ್ತು. ಮುಂಗಾಲಿನ ಮೇಲ್ಮೂಳೆಯಲ್ಲಿ ಮೊಣಕೈ ಕಡೆಯ ತುದಿಗಳು ರಾಶಿ ರಾಶಿಯಾಗಿದ್ದವು; ಭುಜದ ಕಡೆಯ ತುದಿಗಳು ಅದರ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ದವಡೆಗಳು ಹೇರಳ, ಬಾಲದ ಮೂಳೆಗಳು ಇಲ್ಲವೇ ಇಲ್ಲ. ಯಾರೋ ಬೇಕೆಂದೇ ಆರಿಸಿ ತಂದಂತೆ ಇತ್ತು. ಡಾರ್ಟ್ ತೀರ್ಮಾನಿಸಿದರು: ತಂದವನು ಆದಿಮಾನವನೇ. ಮೊಣಕೈ ಮೂಳೆ ಅವನ ಗದೆ, ದವಡೆ ಅವನ ಗರಗಸ, ಕೊಂಬು ಅವನ ಚೂರಿ. ಅವನು ಬೇಟೆಗಾರ ಮಾತ್ರನಲ್ಲ, ತನ್ನವರನ್ನೇ ಕೊಲ್ಲುವ ಕ್ರೂರಿ.

ಎರಡು ಮಹಾಯುದ್ಧಗಳನ್ನು ಕಂಡಿದ್ದ ಜಗತ್ತಿಗೆ ಈ ಮಾತು ಬೇಗ ಹಿಡಿಸಿತು. 1961ರಲ್ಲಿ ರಾಬರ್ಟ್ ಆರ್ಡ್ರಿ ‘ಆಫ್ರಿಕನ್ ಜೆನೆಸಿಸ್’ ಎಂಬ ಪುಸ್ತಕದ ಮೂಲಕ ಇದನ್ನು ಮನೆಮನೆಗೆ ಮುಟ್ಟಿಸಿದರು. 1968ರಲ್ಲಿ ಬಂದ ಕುಬ್ರಿಕ್ ಅವರ ಪ್ರಸಿದ್ಧ ಚಲನಚಿತ್ರ ‘2001: ಎ ಸ್ಪೇಸ್ ಒಡಿಸ್ಸಿ’ ಶುರುವಾಗುವುದು ವಾನರಮಾನವನೊಬ್ಬ ಮೂಳೆಯನ್ನು ಆಯುಧವಾಗಿ ಎತ್ತಿಕೊಳ್ಳುವ ದೃಶ್ಯಗಳಿಂದ.

ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ. ಕೊಲ್ಲುವುದು ನಮ್ಮ ರಕ್ತದಲ್ಲೇ ಇದೆ ಎಂದಾದರೆ ಯುದ್ಧಕ್ಕೆ ಯಾರನ್ನು ಹೊಣೆ ಮಾಡುತ್ತೀರಿ? ಶಾಂತಿಯ ಮಾತು ಆಡುವುದರಲ್ಲಿ ಅರ್ಥವಾದರೂ ಏನು? ಒಂದು ಗುಹೆಯ ಮೂಳೆ ಲೆಕ್ಕದಿಂದ ಇಡೀ ಮನುಷ್ಯಕುಲದ ಮೇಲೆ ತೀರ್ಪು ಹೊರಟಿತ್ತು. ಆ ಲೆಕ್ಕವನ್ನು ಯಾರಾದರೂ ಪರೀಕ್ಷಿಸಲೇಬೇಕಿತ್ತು.

ಮೇಕೆ ಮೂಳೆಯ ಸಾಕ್ಷ್ಯ

ಪರೀಕ್ಷಿಸಿದವರು ಸಿ. ಕೆ. ಬ್ರೇನ್. ಮುಂದೆ ಪ್ರಿಟೋರಿಯಾದ ಟ್ರಾನ್ಸ್‌ವಾಲ್ ವಸ್ತುಸಂಗ್ರಹಾಲಯದ ನಿರ್ದೇಶಕರಾದವರು. 1960ರ ದಶಕದಲ್ಲಿ ಅವರು ನಮೀಬಿಯಾದ ಕೂಯ್ಸೆಬ್ ನದಿಯ ದಡದ ಹಳ್ಳಿಗಳಿಗೆ ಹೋದರು. ಅಲ್ಲಿಯ ಜನ ಮೇಕೆ ಸಾಕುತ್ತಾರೆ. ಮಾಂಸ ತಿಂದು, ಮೂಳೆ ಒಡೆದು ಮಜ್ಜೆ ತೆಗೆದು, ಉಳಿದದ್ದನ್ನು ಎಸೆಯುತ್ತಾರೆ. ನಾಯಿಗಳು ಅದನ್ನು ಕಡಿಯುತ್ತವೆ. ಕೊನೆಗೆ ಮರಳಿನ ಮೇಲೆ ಒಂದಷ್ಟು ಚೂರು ಉಳಿಯುತ್ತವೆ. ಬ್ರೇನ್ ಆ ಚೂರುಗಳನ್ನೆಲ್ಲ ಆಯ್ದು ಎಣಿಸಿದರು.

ಮೊಣಕೈ ತುದಿಗಳು ಬೇಕಾದಷ್ಟು ಇದ್ದವು. ಭುಜದ ತುದಿಗಳು ಕಾಣಲೇ ಇಲ್ಲ. ದವಡೆಗಳು ಹೇರಳ, ಬಾಲದ ಮೂಳೆಗಳು ಮಾಯ. ಮಕಪಾನ್ಸ್‌ಗಾಟ್‌ನ ಪಟ್ಟಿಯನ್ನೇ ನಕಲು ಮಾಡಿದಂತೆ ಇತ್ತು.

ಕಾರಣ ಸರಳ. ಮೊಣಕೈ ತುದಿ ಎಳೆಯ ಪ್ರಾಯದಲ್ಲೇ ಬೆಸೆದುಕೊಂಡು ಗಟ್ಟಿಯಾಗುತ್ತದೆ. ಭುಜದ ತುದಿ ತಡವಾಗಿ ಬೆಸೆಯುತ್ತದೆ, ಸ್ಪಂಜಿನಂತೆ ಮೆದುವಾಗಿರುತ್ತದೆ, ಅದನ್ನು ನಾಯಿ ಸಲೀಸಾಗಿ ಅಗಿದು ನುಂಗುತ್ತದೆ. ಆರಿಸುವವರು ಯಾರೂ ಬೇಕಿಲ್ಲ. ಗಟ್ಟಿಯಾದದ್ದು ಉಳಿಯುತ್ತದೆ, ಮೆತ್ತನೆಯದು ಹೋಗುತ್ತದೆ. ಡಾರ್ಟ್ ಅವರ ಎಣಿಕೆ ತಪ್ಪಿರಲಿಲ್ಲ, ತಪ್ಪಿದ್ದು ಎಣಿಕೆಗೆ ಕೊಟ್ಟ ಅರ್ಥ. ಮಕಪಾನ್ಸ್‌ಗಾಟ್‌ನಲ್ಲಿ ಆ ಕೆಲಸ ಮಾಡಿದವು ಮುಖ್ಯವಾಗಿ ಕತ್ತೆಕಿರುಬಗಳಂಥ ಮಾಂಸಾಹಾರಿಗಳು.

1965ರಿಂದ ಬ್ರೇನ್ ಜೋಹಾನ್ಸ್‌ಬರ್ಗ್ ಸಮೀಪದ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಕೆಲಸ ಆರಂಭಿಸಿದರು. ಅಲ್ಲಿ ಹಿಂದೆಯೇ ಸಿಕ್ಕಿದ್ದ ಒಂದು ಎಳೆಯ ಬುರುಡೆಯ ಹಿಂಭಾಗದಲ್ಲಿ ಎರಡು ದುಂಡನೆಯ ತೂತುಗಳಿದ್ದವು. ಆಯುಧದ ಪೆಟ್ಟೇ? ಬ್ರೇನ್ ಆ ತೂತುಗಳ ಅಂತರವನ್ನು ಚಿರತೆಯ ಕೆಳದವಡೆಯ ಕೋರೆಹಲ್ಲುಗಳೊಂದಿಗೆ ಹೋಲಿಸಿದರು. ಕೋರೆಗಳು ತೂತುಗಳಿಗೆ ಸರಿಯಾಗಿ ಹೊಂದಿದವು. ಚಿರತೆ ತನ್ನ ಬೇಟೆಯನ್ನು ಮರದ ಮೇಲೆ ಎಳೆದೊಯ್ಯುವುದು ನಿಮಗೆ ಗೊತ್ತು. ಆ ಬಯಲಿನಲ್ಲಿ ಮರಗಳು ಹೆಚ್ಚಾಗಿ ಬೆಳೆಯುವುದು ತೇವವಿರುವ ಗುಹೆಬಾಯಿಗಳ ಬಳಿಯಲ್ಲಿ. ತಿಂದುಳಿದ ಮೂಳೆ ಕೆಳಗೆ ಬಿದ್ದರೆ ನೇರ ಗುಹೆಯೊಳಕ್ಕೆ. 1981ರಲ್ಲಿ ಬ್ರೇನ್ ತಮ್ಮ ಅಧ್ಯಯನವನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಅದರ ಹೆಸರೇ ಒಂದು ಪ್ರಶ್ನೆ: ಬೇಟೆಗಾರರೋ, ಬೇಟೆಯೋ?

ಟಾಂಗ್ ಮಗುವಿನ ಕಥೆಯೂ ಹಾಗೆಯೇ ತಿರುಗಿತು. ಅದನ್ನು ಕೊಂದದ್ದು ದೊಡ್ಡ ಹದ್ದು ಎಂದು 1995ರಲ್ಲಿ ಇಬ್ಬರು ವಿಜ್ಞಾನಿಗಳು ಸೂಚಿಸಿದರು. ಇಂದಿನ ಹದ್ದುಗಳು ಕೊಂದ ಕೋತಿಗಳ ಕಣ್ಣುಗೂಡಿನಲ್ಲಿ ಕಾಣುವ ಗುರುತುಗಳೇ ಆ ಮಗುವಿನ ಬುರುಡೆಯಲ್ಲೂ ಇವೆ ಎಂಬುದು 2006ರಲ್ಲಿ ಪ್ರಕಟವಾಯಿತು.

ಸ್ವಾರ್ಟ್‌ಕ್ರಾನ್ಸ್‌ನಲ್ಲಿ ಮೂಳೆಯ ಉಪಕರಣಗಳೂ ಸಿಕ್ಕಿವೆ ಎಂಬುದನ್ನು ಮರೆಯಬಾರದು. ಅವುಗಳ ತುದಿಯ ಸವೆತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಲೂಸಿಂಡಾ ಬ್ಯಾಕ್‌ವೆಲ್ ಮತ್ತು ಫ್ರಾಂಚೆಸ್ಕೊ ಡೆರಿಕೊ 2001ರಲ್ಲಿ ಹೇಳಿದ್ದು ಇಷ್ಟು: ಇವು ಗೆದ್ದಲಿನ ಹುತ್ತ ಅಗೆಯಲು ಬಳಸಿದ ಕೋಲುಗಳು. ಮೂಳೆ ಹಿಡಿದ ಆದಿಮಾನವ ಇದ್ದದ್ದು ನಿಜ. ಅವನು ಹುಡುಕುತ್ತಿದ್ದದ್ದು ಗೆದ್ದಲು.

ಅದೇ ಗುಹೆಯ ಮೇಲಿನ ಪದರದಲ್ಲಿ, ಸುಮಾರು 10 ಲಕ್ಷ ವರ್ಷಗಳ ಹಿಂದಿನ ಮಣ್ಣಿನಲ್ಲಿ, ಬ್ರೇನ್ 270 ಸುಟ್ಟ ಮೂಳೆಗಳನ್ನು ಗುರುತಿಸಿದರು. 1988ರಲ್ಲಿ ಇದು ಪ್ರಕಟವಾಯಿತು. ಉತ್ತರ ಕೇಪ್ ಪ್ರಾಂತದ ವಂಡರ್‌ವರ್ಕ್ ಗುಹೆಯಲ್ಲಿ, ಬಾಗಿಲಿನಿಂದ ಸುಮಾರು 30 ಮೀಟರ್ ಒಳಗೆ, 10 ಲಕ್ಷ ವರ್ಷ ಹಳೆಯ ಬೂದಿ ಮತ್ತು ಸುಟ್ಟ ಮೂಳೆ ಇರುವುದು 2012ರಲ್ಲಿ ತಿಳಿಯಿತು. ಸಿಡಿಲಿನ ಬೆಂಕಿ ಅಷ್ಟು ಒಳಗೆ ಬರಲಾರದು. ಚಿರತೆಗೆ ತುತ್ತಾಗುತ್ತಿದ್ದವರ ವಂಶ ಬೆಂಕಿಯ ಪಕ್ಕದಲ್ಲಿ ಕುಳಿತುಕೊಳ್ಳುವುದನ್ನು ಕಲಿತಿತ್ತು.

ಹಳೆಯ ಹವೆಯನ್ನು ಓದುವುದು

ಅವರು ಬದುಕಿದ ಪರಿಸರವನ್ನು ತಿಳಿಯುವ ದಾರಿಗಳು ಹಲವು. ಗುಹೆಯಲ್ಲಿ ಕೂರುವ ಗೂಬೆ ಸುತ್ತಲಿನ ಇಲಿಗಳನ್ನು ನುಂಗಿ, ಅರಗದ ಮೂಳೆಗಳನ್ನು ಉಂಡೆಯಾಗಿ ಕಕ್ಕುತ್ತದೆ. ಹುಲ್ಲುಗಾವಲಿನ ಇಲಿ ಬೇರೆ, ಜೌಗಿನ ಇಲಿ ಬೇರೆ. ಪದರದಲ್ಲಿರುವ ಇಲಿಯ ಹಲ್ಲು ನೋಡಿದರೆ ಆಗಿನ ಬಯಲು ಎಂಥದೆಂದು ತಿಳಿಯುತ್ತದೆ. ಹೂವಿನ ಪರಾಗ, ಒಲೆಯ ಇದ್ದಿಲು ಮರಗಳ ಜಾತಿ ಹೇಳುತ್ತವೆ.

ರಸಾಯನಶಾಸ್ತ್ರವೂ ನೆರವಿಗೆ ಬರುತ್ತದೆ. ಇಂಗಾಲದಲ್ಲಿ ಹಗುರವಾದ 12 ಮತ್ತು ಸ್ವಲ್ಪ ಭಾರವಾದ 13 ಎಂಬ ಎರಡು ಸ್ಥಿರ ಬಗೆಗಳಿವೆ. ಭತ್ತ, ಗೋಧಿ ಮತ್ತು ಹೆಚ್ಚಿನ ಮರಗಿಡಗಳಲ್ಲಿ ಭಾರದ ಇಂಗಾಲ ಕಡಿಮೆ. ಜೋಳ, ರಾಗಿ, ಕಬ್ಬು ಮತ್ತು ಬಿಸಿನಾಡಿನ ಹುಲ್ಲುಗಳಲ್ಲಿ ಅದು ಹೆಚ್ಚು. ತಿಂದ ಆಹಾರದ ಈ ಗುರುತು ಹಲ್ಲಿನ ಎನಾಮಲ್‌ನಲ್ಲಿ ಲಕ್ಷಾಂತರ ವರ್ಷ ಉಳಿಯುತ್ತದೆ. ಹುಲ್ಲೆಗಳ ಹಲ್ಲನ್ನು ಹೀಗೆ ಪರೀಕ್ಷಿಸಿದರೆ ಅವು ಮರದ ಎಲೆ ಮೇಯ್ದವೋ ಹುಲ್ಲು ಮೇಯ್ದವೋ ಎಂಬುದು ಗೊತ್ತಾಗುತ್ತದೆ. ಮಕಪಾನ್ಸ್‌ಗಾಟ್ ಆಗ ಮರಗಳ ನಾಡು. ಸ್ವಾರ್ಟ್‌ಕ್ರಾನ್ಸ್‌ನ ಕಾಲಕ್ಕೆ ಹುಲ್ಲುಬಯಲು ಹರಡಿತ್ತು. ಸ್ವಾರ್ಟ್‌ಕ್ರಾನ್ಸ್‌ನ ಆದಿಮಾನವರ ಹಲ್ಲಿನಲ್ಲಿ ಎರಡೂ ಬಗೆಯ ಆಹಾರದ ಗುರುತಿದೆ.

ಕಡಲ ತೀರದ ಜನ

ಈಗ ನಮ್ಮದೇ ಜಾತಿಯ ಮಾನವರ ಕಾಲಕ್ಕೆ ಬರೋಣ. ದಕ್ಷಿಣ ಕರಾವಳಿಯ ಪಿನಾಕಲ್ ಪಾಯಿಂಟ್ ಗುಹೆಯಲ್ಲಿ 1,64,000 ವರ್ಷಗಳ ಹಿಂದೆಯೇ ಜನ ಕಡಲ ಚಿಪ್ಪುಜೀವಿಗಳನ್ನು ತಿನ್ನುತ್ತಿದ್ದರೆಂದು ಕರ್ಟಿಸ್ ಮರಿಯನ್ ಅವರ ತಂಡ 2007ರಲ್ಲಿ ತೋರಿಸಿತು. ಅದು ಹಿಮಯುಗದ ಕಾಲ. ನೀರು ಹಿಮವಾಗಿ ಕಟ್ಟಿಕೊಂಡು ಕಡಲ ಮಟ್ಟ ಇಳಿದಿತ್ತು. ತೀವ್ರ ಚಳಿಯ ದಿನಗಳಲ್ಲಿ ಆ ಕರಾವಳಿ ಈಗಿನ ದಡದಿಂದ ನೂರು ಕಿಲೋಮೀಟರ್‌ನಷ್ಟು ದೂರ ಸರಿದು, ನಡುವೆ ವಿಶಾಲವಾದ ಮೈದಾನವೇ ತೆರೆದುಕೊಳ್ಳುತ್ತಿತ್ತು. ಇಂದು ಆ ಮೈದಾನ ನೀರಿನಡಿ ಇದೆ.

ಬ್ಲೋಂಬಸ್ ಗುಹೆಯಲ್ಲಿ ಕ್ರಿಸ್ಟಫರ್ ಹೆನ್ಶಿಲ್‌ವುಡ್ ಅವರ ತಂಡಕ್ಕೆ ಗೆರೆ ಕೊರೆದ ಕಾವಿಕಲ್ಲು ಮತ್ತು ಪುಟ್ಟ ಶಂಖಗಳನ್ನು ತೂತು ಮಾಡಿದ ಮಣಿಗಳು ಸಿಕ್ಕವು. ಇವುಗಳ ವಯಸ್ಸು ಸುಮಾರು 75,000 ವರ್ಷ. ಚಿಪ್ಪಿನಲ್ಲಿ ಕಾವಿ ಕಲಸಿಟ್ಟ 1,00,000 ವರ್ಷ ಹಳೆಯ ಬಣ್ಣದ ಬಟ್ಟಲೂ ಅಲ್ಲಿದೆ. ಡರ್ಬನ್ ಸಮೀಪದ ಸಿಬುಡು ಗುಹೆಯಲ್ಲಿ 77,000 ವರ್ಷಗಳ ಹಿಂದೆ ಜನ ಜೊಂಡಿನ ಹಾಸಿಗೆ ಹಾಸಿ, ಅದರ ಮೇಲೆ ಒಂದು ನಿರ್ದಿಷ್ಟ ಕಾಡುಮರದ ಎಲೆ ಹರಡುತ್ತಿದ್ದರು. ಆ ಎಲೆಯಲ್ಲಿ ಸೊಳ್ಳೆಗಳನ್ನು ದೂರವಿಡುವ ಗುಣವಿದೆ. ಲಿನ್ ವಾಡ್ಲಿ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಪ್ರಕಟಿಸಿದರು. ಗದೆ ಹಿಡಿದ ಕ್ರೂರಿಯ ಚಿತ್ರದಲ್ಲಿ ಈ ಹಾಸಿಗೆಗೆ ಜಾಗವೆಲ್ಲಿ?

ಒಂದೇ ಬೂದಿ, ಎರಡು ನಾಡು

ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಭೀಕರವಾಗಿ ಸಿಡಿಯಿತು. ಅದರ ಬೂದಿ ಭಾರತದ ಮೇಲೂ ಬಿತ್ತು. ನೆರೆಯ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಆ ಬೂದಿಯ ದಪ್ಪ ಪದರವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಲಿಯಾ ಅವರ ತಂಡ ಅಲ್ಲಿ ಉತ್ಖನನ ನಡೆಸಿತು. ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣಗಳಿವೆ ಎಂದು 2007ರಲ್ಲಿ ಆ ತಂಡ ವರದಿ ಮಾಡಿತು. ಅದೇ ಟೋಬಾದ ಗಾಜಿನ ಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ಸುಮಾರು 9,000 ಕಿಲೋಮೀಟರ್ ದೂರದ ಪಿನಾಕಲ್ ಪಾಯಿಂಟ್‌ನಲ್ಲಿ ಸಿಕ್ಕಿರುವುದು 2018ರಲ್ಲಿ ತಿಳಿಯಿತು. ಅಲ್ಲಿಯೂ ಜನವಸತಿ ಮುಂದುವರಿದಿತ್ತು. ದೂರದ ಎರಡು ನಾಡುಗಳ ಮಣ್ಣನ್ನು ಆ ಬೂದಿ ಒಂದೇ ಕ್ಷಣಕ್ಕೆ ಕಟ್ಟಿಹಾಕಿದೆ.

ಮಿತ್ರರೇ, ಮನುಷ್ಯ ಎಂದೂ ಬೇಟೆಯಾಡಲಿಲ್ಲ, ಹೊಡೆದಾಡಲಿಲ್ಲ ಎಂದು ಈ ಗುಹೆಗಳು ಹೇಳುತ್ತಿಲ್ಲ. ಹುಟ್ಟು ಕೊಲೆಗಾರ ಎಂಬ ತೀರ್ಪಿಗೆ ಆಧಾರವಾಗಿದ್ದ ಆ ಮೂಳೆಗಳು ಅಂಥ ಸಾಕ್ಷಿ ಹೇಳಿಯೇ ಇರಲಿಲ್ಲ, ಅಷ್ಟೆ. ಅದನ್ನು ಬಯಲು ಮಾಡಿದ್ದು ಯಾವ ದೊಡ್ಡ ಯಂತ್ರವೂ ಅಲ್ಲ. ಮೇಕೆ ಮೂಳೆಗಳನ್ನು ಬಗ್ಗಿ ಆಯ್ದು ಎಣಿಸಿದ ತಾಳ್ಮೆ.

ಇದನ್ನು ನೀವೂ ಪರೀಕ್ಷಿಸಬಹುದು. ನಿಮ್ಮ ಬೀದಿಯ ನಾಯಿ ಮೇಕೆಯ ಮೂಳೆ ಕಡಿಯುತ್ತಿದ್ದರೆ ದೂರದಲ್ಲಿ ನಿಂತು ನೋಡಿ. ಅದು ಎದ್ದು ಹೋದ ಮೇಲೆ ಯಾವ ತುದಿ ಉಳಿದಿದೆ, ಯಾವುದು ಹೋಗಿದೆ ಎಂದು ಬರೆದಿಟ್ಟುಕೊಳ್ಳಿ. ಹತ್ತು ಮೂಳೆಗಳ ಲೆಕ್ಕವಾದ ಮೇಲೆ ನಿಮ್ಮ ಜೀವಶಾಸ್ತ್ರದ ಮೇಷ್ಟರಿಗೆ ತೋರಿಸಿ.