ಸಾಪೇಕ್ಷಕ್ರಿಯೆಯೂ ಅಲ್ಪವಿರಾಮವೂ

ಕಲಬುರಗಿಯ ಸುತ್ತಣ ಸೀಮೆಯ ಶಿಲಾಶಾಸನಗಳನ್ನು ಓದಿದವರಿಗೆ ಒಂದು ಸಂಗತಿಯು ಸುವಿದಿತವಾಗಿದೆ. ಪದ್ಯವು ಮುಗಿದಲ್ಲಿ ಒಂದೆರಡು ದಂಡಗಳು ಕಾಣಬರುವುದುಂಟು. ಗದ್ಯಭಾಗದಲ್ಲಾದರೋ ಅಕ್ಷರಗಳು ಪದವಿಭಾಗವೂ ಇಲ್ಲದೆ ಕಲ್ಲಿನ ಅಂಚಿನವರೆಗೆ ಸಾಗಿಹೋಗುತ್ತವೆ. ಅರಸನ ಬಿರುದಾವಳಿ, ದಾನದ ಕಾಲ, ಭೂಮಿಯ ಎಲ್ಲೆ ಇವೆಲ್ಲವೂ ಒಂದೇ ವಾಕ್ಯದಲ್ಲಿ ಅಡಕವಾಗಿ, ಕಟ್ಟಕಡೆಗೆ ‘ಕೊಟ್ಟರ್’ ಎಂಬ ಪೂರ್ಣಕ್ರಿಯೆಯು ಬಂದಾಗಲೇ ಓದುಗನಿಗೆ ಉಸಿರು. ಇದು ಅಜ್ಞಾನದ ಫಲವೆಂದು ಯಾರೂ ಎಣಿಸಬಾರದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದುದನ್ನೂ, ಅಲ್ಲಿ ಸರಸ್ವತೀಭಂಡಾರವನ್ನು ನೋಡಿಕೊಳ್ಳುವವರಿದ್ದುದನ್ನೂ 1058ರ ಶಾಸನವು ತಿಳಿಸುತ್ತದೆ. ಅಂತಹ ವಿದ್ಯಾಸ್ಥಾನಗಳಿದ್ದ ನಾಡಿನಲ್ಲಿ ವಿರಾಮಚಿಹ್ನೆಯು ಬೇಕೆಂದು ತೋರಲಿಲ್ಲವೆಂದರೆ ಅದಕ್ಕೆ ಕಾರಣವು ಭಾಷೆಯಲ್ಲಿಯೇ ಇರಬೇಕು.

ಆ ಕಾರಣವೇ ಸಾಪೇಕ್ಷಕ್ರಿಯೆ. ‘ಬಂದು’, ‘ನೋಡಿ’, ‘ನಗುತ್ತ’, ‘ಹೇಳದೆ’ ಮುಂತಾದ ರೂಪಗಳನ್ನು ಕೇಳಿದೊಡನೆ ಮುಂದೆ ಮತ್ತೊಂದು ಕ್ರಿಯೆ ಬರಬೇಕೆಂಬ ಆಕಾಂಕ್ಷೆಯು ಹುಟ್ಟುತ್ತದೆ. ವಾಕ್ಯವು ಮುಗಿದಿಲ್ಲವೆಂಬುದನ್ನು ಪ್ರತ್ಯಯವೇ ಸಾರುತ್ತಿರುವಾಗ ಚಿಹ್ನೆಗೆ ಕೆಲಸವೇನು? ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗವು ಗುಣದೋಷಗಳನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಸುಮಾರು 1260ರ ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಸಂಧಿಯಿಂದ ಅವ್ಯಯದವರೆಗೆ ಪ್ರಕರಣಗಳನ್ನು ರಚಿಸಿದನು. ಲೇಖನಚಿಹ್ನೆಗಳಿಗೆಂದು ಅವನು ಪ್ರಕರಣವನ್ನು ಮೀಸಲಿಡಲಿಲ್ಲ. ಪಾಠಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಕ್ರಮವೂ ಇದೇ: ಮೊದಲು ಕ್ರಿಯಾಪದವನ್ನು ಹಿಡಿ, ಅನಂತರ ‘ಯಾರು’, ‘ಏನನ್ನು’, ‘ಏನು ಮಾಡಿ’ ಎಂದು ಕೇಳುತ್ತ ಹೋಗು. ಅನ್ವಯವೇ ವಿರಾಮ. ಮರತೂರಿನವನೆಂದು ಈ ಸೀಮೆಯವರು ಅಭಿಮಾನದಿಂದ ಹೇಳಿಕೊಳ್ಳುವ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದಾಗ ಮಾಡಿದ ಕೆಲಸದಲ್ಲಿ ಒಂದು ಪಾಲು, ಯಾವ ಪದವು ಯಾವುದರೊಡನೆ ಸೇರಬೇಕೆಂಬುದರ ನಿರ್ಣಯವೇ ಆಗಿದೆ.

ಆದರೆ ಸಂಸ್ಕೃತಕ್ಕಿರುವ ಒಂದು ಕಟ್ಟು ಕನ್ನಡಕ್ಕಿಲ್ಲ. ‘ಕೃತ್ವಾ’, ‘ಗತ್ವಾ’ ಎಂಬ ರೂಪಗಳ ವಿಷಯದಲ್ಲಿ, ಎರಡು ಕ್ರಿಯೆಗಳಿಗೂ ಕರ್ತೃವು ಒಬ್ಬನೇ ಆಗಿರಬೇಕೆಂದು ಪಾಣಿನಿಯ ವಿಧಿ. ನಾವಾದರೋ ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತೇವೆ. ಬಂದುದು ಮಳೆ, ತುಂಬಿದುದು ಕೆರೆ. ಆದರೂ ಕೇಳುವವನಿಗೆ ಯಾವ ತೊಡಕೂ ಇಲ್ಲ. ರಷ್ಯನ್ ಭಾಷೆಯು ಈ ವಿಷಯದಲ್ಲಿ ಪಾಣಿನಿಯ ಪಕ್ಷದಲ್ಲಿದೆಯೆಂಬುದು ಕುತೂಹಲಕರ. ಲೊಮೊನೋಸೊವ್ ಎಂಬ ವಿದ್ವಾಂಸನು 1755ರಲ್ಲಿ ರಚಿಸಿದ ವ್ಯಾಕರಣದಲ್ಲಿಯೇ ಈ ಬಗೆಯ ಕ್ರಿಯೆಯ ಕರ್ತೃವನ್ನು ಬೇರ್ಪಡಿಸುವವರನ್ನು ಆಕ್ಷೇಪಿಸಿದನು. ಚೆಕೊವ್ 1884ರ ತನ್ನ ಒಂದು ಹಾಸ್ಯಬರೆಹದಲ್ಲಿ, ರೈಲು ನಿಲ್ದಾಣವನ್ನು ಸಮೀಪಿಸುತ್ತ ಕಿಟಕಿಯಿಂದ ಪ್ರಕೃತಿಯನ್ನು ನೋಡುತ್ತಿದ್ದುದು ಪ್ರಯಾಣಿಕನೋ ಅವನ ತಲೆಯಿಂದ ಹಾರಿಹೋದ ಟೋಪಿಯೋ ತಿಳಿಯದಂತಹ ವಾಕ್ಯವನ್ನು ಕಟ್ಟಿ ನಗಿಸಿದ್ದಾನೆ. ನಮ್ಮವರಿಗೆ ಆ ವಾಕ್ಯದಲ್ಲಿ ನಗುವಂತಹುದೇನೂ ಕಾಣದೆ ಹೋಗಬಹುದು!

ಅಲ್ಪವಿರಾಮವು ನಮ್ಮಲ್ಲಿಗೆ ಬಂದುದು ಅಚ್ಚಿನೊಡನೆ. ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರಲ್ಲಿ ಮೋಗ್ಲಿಂಗನ ಮಂಗಳೂರು ಸಮಾಚಾರವು ಹೊರಟಿತು. 1903ರಲ್ಲಿ ಕಿಟ್ಟೆಲನ ವ್ಯಾಕರಣವು ಬಂದಿತು. ನಮ್ಮ ಕಡೆ 1948ರ ವರೆಗೆ ಕಚೇರಿಯ ಭಾಷೆಯು ಉರ್ದುವಾಗಿದ್ದುದರಿಂದ ಕನ್ನಡ ಗದ್ಯದ ಈ ಹೊಸ ಪದ್ಧತಿಯು ಇಲ್ಲಿ ನೆಲೆಯೂರಲು ತಡವಾಯಿತು. ಬಂದ ಮೇಲೆ ಇಂಗ್ಲಿಷಿನ ನಿಯಮಗಳನ್ನು ಹಾಗೆಯೇ ತಂದು ಹೊರಿಸಿದುದು ನನಗೆ ಸರಿತೋರುವುದಿಲ್ಲ. ‘ಎದ್ದು, ಮುಖ ತೊಳೆದು, ಉಂಡು, ಶಾಲೆಗೆ ಹೋದನು’ ಎಂದು ಪ್ರತಿಯೊಂದು ಸಾಪೇಕ್ಷಕ್ರಿಯೆಗೂ ಚಿಹ್ನೆಯಿಡುವುದು ನಡೆಯುವವನ ಕಾಲಿಗೆ ಹೆಜ್ಜೆಹೆಜ್ಜೆಗೂ ಕಲ್ಲನ್ನಿಟ್ಟಂತೆ. ರಷ್ಯನ್ನಿನಲ್ಲಿ ಇಂತಹ ಪದಸಮೂಹವನ್ನು ಎರಡು ಕಡೆಯೂ ಅಲ್ಪವಿರಾಮದಿಂದ ಕಟ್ಟುವುದು ನಿಯಮ. ಅಲ್ಲಿಯೂ, ‘ಸುಮ್ಮನೆ’ ಎಂಬಂತೆ ಕ್ರಿಯಾವಿಶೇಷಣವಾಗಿ ಸವೆದುಹೋದ ರೂಪಗಳಿಗೆ ಕಟ್ಟಿಲ್ಲ.

ನಾಮಪದವನ್ನು ವಿಶೇಷಿಸುವ ಕೃದಂತದ ಮಾತೇ ಬೇರೆ. ರಷ್ಯನ್ನರು ಅದನ್ನು ನಾಮಪದದ ಹಿಂದೆಯೂ ಇಡಬಲ್ಲರು, ಮುಂದೆಯೂ ಇಡಬಲ್ಲರು. ನಾಮಪದವಾದ ಮೇಲೆ ಬಂದರೆ ಅಲ್ಪವಿರಾಮವುಂಟು, ಮೊದಲೇ ಬಂದರೆ ಸಾಮಾನ್ಯವಾಗಿ ಇಲ್ಲ. ಕನ್ನಡದಲ್ಲಿ ‘ಕಮಲಾಪುರದಿಂದ ತಂದ ಕೆಂಪು ಬಾಳೆಯ ಗೊನೆ’ ಎಂದಲ್ಲದೆ ಬೇರೆ ಕ್ರಮವು ಸಹಜವಲ್ಲ. ಆದುದರಿಂದ ಚಿಹ್ನೆಗೆ ಅವಕಾಶವೂ ಇಲ್ಲ.

ಅಪಾಯವಿರುವುದು ಇವೆರಡೂ ಒಂದೆಡೆ ಸೇರಿದಾಗ. ‘ತಂದೆಯು ಅಳುತ್ತ ಬಂದ ಮಗನನ್ನು ಸಂತೈಸಿದನು.’ ಅತ್ತವರು ಯಾರು? ‘ತಂದೆಯು’ ಎಂಬುದರ ಮುಂದೆ ಅಲ್ಪವಿರಾಮವನ್ನಿಟ್ಟರೆ ಮಗ, ‘ಅಳುತ್ತ’ ಎಂಬುದರ ಮುಂದಿಟ್ಟರೆ ತಂದೆ. ಸನ್ನಿಧಿಯು ಎರಡು ಕಡೆಗೂ ಎಳೆಯುತ್ತದೆ, ಯೋಗ್ಯತೆಯು ಎರಡಕ್ಕೂ ಒಪ್ಪುತ್ತದೆ; ಪ್ರತ್ಯಯವು ಸುಮ್ಮನಾಗುತ್ತದೆ. ಅಳುವಿನ ಮಾತಾದರೆ ಹೋಗಲಿ. ‘ಅಣ್ಣನು ಹಣ ಕೊಟ್ಟು ಹೊಲ ಬಿಡಿಸಿಕೊಂಡ ತಮ್ಮನಿಗೆ ಪತ್ರ ಬರೆದುಕೊಟ್ಟನು’ ಎಂದು ಒಂದು ಕಾಗದದಲ್ಲಿದ್ದರೆ, ಹಣ ಕೊಟ್ಟವನು ತಮ್ಮನೋ ಅಣ್ಣನೋ? ಎರಡು ಮನೆತನಗಳ ವ್ಯಾಜ್ಯಕ್ಕೆ ಇಷ್ಟು ಸಾಕು. ಬಾಯಿಮಾತಿನಲ್ಲಿ ದನಿಯು ಇದನ್ನು ಬಿಡಿಸುತ್ತದೆ. ಬರೆದ ಕಾಗದಕ್ಕೆ ದನಿಯಿಲ್ಲ. ನನ್ನ ಮಟ್ಟಿಗೆ ಕನ್ನಡದಲ್ಲಿ ಅಲ್ಪವಿರಾಮದ ನಿಜವಾದ ಸ್ಥಾನವು ಇಂತಹ ಕವಲುಗಳೇ.

ಚಿಹ್ನೆಯನ್ನು ನೆಚ್ಚದ ಪತ್ರಬರೆಹಗಾರರು ಈ ಕವಲನ್ನು ಬೇರೊಂದು ಬಗೆಯಿಂದ ದಾಟುವರು. ‘ಸದರಿ ತಮ್ಮನೇ ಹಣ ಕೊಟ್ಟು ಸದರಿ ಹೊಲವನ್ನು ಬಿಡಿಸಿಕೊಂಡದ್ದರಿಂದ ಸದರಿಯವನಿಗೆ’ ಎಂದು ಮತ್ತೆಮತ್ತೆ ಹೇಳಿ, ಓದುವವರನ್ನು ಬೇಸರಗೊಳಿಸಿಯಾದರೂ, ಸಂದೇಹಕ್ಕೆ ಎಡೆಗೊಡರು.