ಕುಮಾವೂಂ ಬೆಟ್ಟಗಳ ಭಂಗಿ ನಾರು

ಉತ್ತರಾಖಂಡದ ಕುಮಾವೂಂ ಮತ್ತು ಗಢವಾಲ ಬೆಟ್ಟಸೀಮೆಯ ಸಣ್ಣ ಹಿಡುವಳಿದಾರರಿಗೆ ಭಂಗಿ ಗಿಡವು ಬಹುಕಾಲ ಮತ್ತಿನ ಪದಾರ್ಥಕ್ಕಿಂತ ಹೆಚ್ಚಾಗಿ ಮನೆವಾರ್ತೆಯ ಬೆಳೆಯಾಗಿತ್ತು. ದನದ ಕೊಟ್ಟಿಗೆಯ ಗೊಬ್ಬರ ಬಿದ್ದು ಕಸುವೇರಿದ ಹಿತ್ತಿಲಿನಲ್ಲಿ ಅದು ಆಳೆತ್ತರವನ್ನೂ ಮೀರಿ ಬೆಳೆಯುತ್ತಿತ್ತು. ಗಂಡು, ಹೆಣ್ಣು ಗಿಡಗಳು ಬೇರೆಬೇರೆಯಾಗಿರುವ ಈ ಸಸ್ಯದಲ್ಲಿ ಗಂಡುಗಿಡವನ್ನು ನಾರಿಗಾಗಿ ಮೊದಲು ಕಿತ್ತು, ಹೆಣ್ಣುಗಿಡವನ್ನು ಬೀಜ ಬಲಿಯುವವರೆಗೆ ಬಿಡುತ್ತಿದ್ದರು. ಕಡ್ಡಿಗಳನ್ನು ಕಂತೆಕಟ್ಟಿ ನೀರಿನಲ್ಲಿ ಕೊಳೆಹಾಕಿ, ತೊಗಟೆ ಸಡಿಲಾದ ಮೇಲೆ ಕೈಯಿಂದ ಸುಲಿದ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು, ‘ಭಂಗೇಲಾ’ ಎಂಬ ಒರಟು ಬಟ್ಟೆಯನ್ನೂ ಧಾನ್ಯದ ಚೀಲಗಳನ್ನೂ ನೇಯುತ್ತಿದ್ದರು. ಮತ್ತೇರಿಸದ ಬೀಜವನ್ನು ಹುರಿದು ಅರೆದ ಚಟ್ನಿ ಇಂದಿಗೂ ಅಲ್ಲಿನ ಊಟದಲ್ಲಿದೆ. ಈಗ ಸಾವಯವವೆಂಬ ಹೆಸರಿನಲ್ಲಿ ಮಾರಾಟವಾಗುವ ಪದ್ಧತಿ ಅಲ್ಲಿ ಬೇಸಾಯದ ಸಹಜ ಕ್ರಮವೇ ಆಗಿತ್ತು.

ಇಷ್ಟು ಉಪಯುಕ್ತವಾದ ಬೆಳೆಗೆ ಗೌರವವೇನೂ ಇರಲಿಲ್ಲ. ಮೇಲ್ಜಾತಿಯವರು ಭಂಗಿ ಬಿತ್ತುವುದನ್ನು ಕುಲಕ್ಕೆ ಕುಂದೆಂದು ಎಣಿಸಿದ್ದರಿಂದ ಬಿತ್ತನೆಯೂ ನೇಯ್ಗೆಯೂ ಕೆಳಜಾತಿಯ ಕುಟುಂಬಗಳ ಪಾಲಿಗೆ ಉಳಿದವು. ನಿನ್ನ ಮನೆಯಲ್ಲಿ ಭಂಗಿ ಬಿತ್ತಲಿ ಎಂಬುದು ಗಢವಾಲದಲ್ಲಿ ಶಾಪದ ಮಾತಾಗಿತ್ತು. ಆ ಬಟ್ಟೆಯ ಚೀಲದಲ್ಲಿ ಎಲ್ಲರ ಧಾನ್ಯವೂ ಸಾಗುತ್ತಿದ್ದುದನ್ನು ನೆನೆದರೆ, ಈ ತಿರಸ್ಕಾರ ಎಷ್ಟು ಅನ್ಯಾಯದ್ದೆಂಬುದು ತಿಳಿಯುತ್ತದೆ.

ಹೊರಗಿನ ದೊಡ್ಡ ಗಿರಾಕಿಯಾಗಿ ಬಂದದ್ದು ಈಸ್ಟ್ ಇಂಡಿಯಾ ಕಂಪನಿ. ಬ್ರಿಟಿಷ್ ನೌಕಾಪಡೆಯ ಹಗ್ಗ, ಹಾಯಿಗಳಿಗೆ ಬೇಕಾದ ನಾರು ಬಹುಪಾಲು ರಷ್ಯಾದಿಂದ ಬರುತ್ತಿತ್ತು. ನೆಪೋಲಿಯನ್ನನ ಯುದ್ಧಗಳು ಆ ಪೂರೈಕೆಯನ್ನು ಅನಿಶ್ಚಿತಗೊಳಿಸಿದಾಗ ಕಂಪನಿಯ ಕಣ್ಣು ಭಾರತದ ನಾರುಬೆಳೆಗಳತ್ತ ಹೊರಳಿತು. 1815ರಲ್ಲಿ ಕುಮಾವೂಂ ಗೂರ್ಖರ ಕೈತಪ್ಪಿ ಬ್ರಿಟಿಷರ ವಶವಾದ ಬಳಿಕವೂ ಬೆಳೆಗಾರರಿಗೆ ಮುಂಗಡ ಕೊಟ್ಟು ನಾರು ಕೊಳ್ಳುವ ವ್ಯವಸ್ಥೆ ಕೆಲಕಾಲ ನಡೆಯಿತು. ಆ ಖರೀದಿ ನಿಂತೊಡನೆ ಪೇಟೆಯ ಆಸರೆ ಕಳಚಿತು. ಮುಂದೆ 1855ರಲ್ಲಿ ಕೊಲ್ಕತ್ತದ ಬಳಿಯ ರಿಷ್ಡಾದಲ್ಲಿ ಆರಂಭವಾದ ಸೆಣಬಿನ ಗಿರಣಿ ಉದ್ಯಮದ ಅಗ್ಗದ ಗೋಣಿಚೀಲದೆದುರು ಕೈನೇಯ್ಗೆಯ ಭಂಗೇಲಾ ನಿಲ್ಲುವುದು ಕಠಿಣವಾಯಿತು.

ಕಾನೂನಿನ ಕಥೆ ಬೇರೆಯೇ ಬಗೆಯದು. 1893ರಲ್ಲಿ ನೇಮಕಗೊಂಡ ಭಾರತೀಯ ಭಂಗಿ ಮಾದಕಗಳ ಆಯೋಗವು ವಿಸ್ತಾರವಾದ ವಿಚಾರಣೆ ನಡೆಸಿ, ಪೂರ್ಣ ನಿಷೇಧ ಅಗತ್ಯವಿಲ್ಲವೆಂಬ ನಿಲುವಿಗೆ ಬಂದಿತು. 1985ರ ಮಾದಕ ವಸ್ತುಗಳ ಕಾಯ್ದೆ ಗಾಂಜಾ ಮತ್ತು ಚರಸ್‌ಗಳನ್ನು ನಿಷೇಧದಡಿ ತಂದರೂ, ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ನೀಡಬಹುದೆಂದು ತನ್ನ 14ನೆಯ ಕಲಮಿನಲ್ಲಿ ಹೇಳಿತು. ಕಾಯ್ದೆಯೇ ತೆರೆದಿಟ್ಟ ಈ ಬಾಗಿಲನ್ನು ದಶಕಗಳ ಕಾಲ ಬಳಸದೆ ಬಿಟ್ಟದ್ದು ಬೆಟ್ಟದ ರೈತರಿಗೆ ಆದ ದೊಡ್ಡ ನಷ್ಟ.

2018ರಲ್ಲಿ ಉತ್ತರಾಖಂಡ ಕೈಗಾರಿಕಾ ಭಂಗಿ ಬೆಳೆಗೆ ಪರವಾನಗಿ ನೀಡಿತು. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಬೀಜ, ಬೀಜದೆಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಮಾನ್ಯಮಾಡಿತು. ಆದರೆ ಪರವಾನಗಿಯ ಬೆಳೆಯಲ್ಲಿ ಮತ್ತು ತರುವ ಟಿಎಚ್‌ಸಿ ಎಂಬ ರಾಸಾಯನಿಕ ಶೇಕಡಾ 0.3ನ್ನು ಮೀರಬಾರದು, ಬೆಟ್ಟದ ನಾಡತಳಿಗಳಲ್ಲಿ ಅದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಆದ್ದರಿಂದ ತಲೆಮಾರುಗಳಿಂದ ತಾನೇ ಕಾದಿಟ್ಟ ಬೀಜವನ್ನು ಬದಿಗಿಟ್ಟು, ಪ್ರಮಾಣಿತ ಬೀಜವನ್ನು ಹೊರಗಿನಿಂದ ಕೊಂಡು ತರಬೇಕಾದ ಸ್ಥಿತಿಯಲ್ಲಿ ಸಣ್ಣ ರೈತನಿದ್ದಾನೆ.